ಬೇಳೆ ಬೇಯದ ಬಾವಿ

ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ ಎಂದು ಗಾದೆ. ನಾನು ಕೋಲಾರಕ್ಕೆ ಸೊಸೆಯಾಗಿ ಬಂದ ಮಾರನೆಯ ಬೆಳಗ್ಗೆಯೇ ನನ್ನ ಸೊಂಟದ ಮೇಲೆ ಹಿತ್ತಾಳೆ ಕೊಡ ಕೂತಿತ್ತು. ಅತ್ತೆ ಮುಂದೆ, ನಾನು ಹಿಂದೆ. ನನ್ನ ತವರು ಮುಳಬಾಗಿಲು ಕಡೆ, ತಾಯಲೂರಿನ ಹತ್ತಿರದ ಒಂದು ಹಳ್ಳಿ. ಅಲ್ಲಿ ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ. ಕೋಲಾರ ಅಂದರೆ ಪೇಟೆ, ಅಲ್ಲಿ ಮನೆಮನೆಗೂ ನೀರು ತಾನಾಗಿ ಬರುತ್ತದೆ ಎಂದು ಯಾರೋ ನನಗೆ ಹೇಳಿ ಕಳಿಸಿದ್ದರು. ಹೇಳಿದವರು ಆ ಬೆಳಗ್ಗೆ ಸಿಕ್ಕಿದ್ದರೆ ಕೊಡವನ್ನು ಅವರ ತಲೆಯ ಮೇಲೇ ಇಡುತ್ತಿದ್ದೆ.

ನಮ್ಮ ಬೀದಿಯ ಕೊನೆಯಲ್ಲಿ ಒಂದು ಮೆಟ್ಟಿಲ ಬಾವಿ ಇತ್ತು. ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲು. ಹೆಂಗಸರು ಸೀರೆ ಎತ್ತಿ ಕಟ್ಟಿಕೊಂಡು ಮೊಣಕಾಲುದ್ದ ನೀರಿಗಿಳಿದು, ಅಂಗೈಯಲ್ಲಿ ಮೇಲಿನ ಪಾಚಿಯನ್ನು ಅತ್ತಿತ್ತ ಸರಿಸಿ, ಕೊಡ ಅದ್ದುತ್ತಿದ್ದರು. ನೀರಿಗೆ ಸ್ವಲ್ಪ ಹಸಿರು ಛಾಯೆ ಇರುತ್ತಿತ್ತು. ರುಚಿ ಮಾತ್ರ ಹೇಳತೀರದು. ಬೆಟ್ಟದ ಮೇಲಿನ ಕಲ್ಲುಬಸವನ ಬಾಯಿಂದ ಬೀಳುವ ನೀರು ಬಿಟ್ಟರೆ ಕೋಲಾರದಲ್ಲಿ ಇದಕ್ಕಿಂತ ಸಿಹಿನೀರಿಲ್ಲ ಎಂದು ಅತ್ತೆ ಹೇಳುತ್ತಿದ್ದರು. ಅವರ ಮಾತಿಗೆ ಬೀದಿಯಲ್ಲಿ ಬೆಲೆ ಇತ್ತು. ಯಾರ ಮನೆಯ ಮದುವೆಯಾದರೂ ಹುಳಿಯ ಕೊಳದಪ್ಪಲೆಯ ಮುಂದೆ ನಿಲ್ಲುವವರು ಅವರೇ. ನನ್ನ ಗಂಡ ಹಸುಗೂಸಾಗಿದ್ದಾಗಲೇ ಗಂಡನನ್ನು ಕಳೆದುಕೊಂಡು, ಒಬ್ಬರೇ ನಿಂತು ಮಗನನ್ನು ದೊಡ್ಡವನನ್ನಾಗಿ ಮಾಡಿದವರು. ಅವರ ಮಾತಿಗೆ ಎದುರಾಡುವ ಹೆಂಗಸು ಆ ಬೀದಿಯಲ್ಲಿ ನಾನು ಬರುವವರೆಗೆ ಇರಲಿಲ್ಲ.

ನಮ್ಮ ಯಜಮಾನರದು ನಡಿಗೆಯ ಕೆಲಸ. ರೇಷ್ಮೆ ಸಾಹುಕಾರರೊಬ್ಬರ ಹತ್ತಿರ ಇದ್ದರು. ಹುತ್ತೂರಿನ ಸುತ್ತಮುತ್ತ ಹಳ್ಳಿಹಳ್ಳಿಗೆ ಹೋಗಿ, ಯಾರ ಮನೆಯಲ್ಲಿ ಹುಳು ಹಣ್ಣಾಗಿ ಗೂಡು ಕಟ್ಟಲು ಬಂದಿದೆ, ಯಾರ ಬಿದಿರು ಚಂದ್ರಿಕೆಯಲ್ಲಿ ಗೂಡು ಗಟ್ಟಿಯಾಗಿದೆ ಎಂದು ಕೈಯಲ್ಲಿ ಹಿಡಿದು, ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ಬಂದು ಹೇಳಬೇಕು. ಆಗ ಯುದ್ಧ ಶುರುವಾಗಿತ್ತು. ಆಕಾಶದಿಂದ ಇಳಿಯುವ ಸಿಪಾಯಿಗಳ ಛತ್ರಿಗೆ ರೇಷ್ಮೆ ಬೇಕಂತೆ ಎಂದು ಸುದ್ದಿ. ಸಾಹುಕಾರರಿಗೆ ಪುರುಸೊತ್ತಿಲ್ಲ, ನಮ್ಮವರ ಕಾಲಿಗೂ ಪುರುಸೊತ್ತಿಲ್ಲ.

ಆದರೆ ಬೇಸಿಗೆ ಬಂತೆಂದರೆ ಆ ಕಾಲು ಮಲಗಿಬಿಡುತ್ತಿತ್ತು. ನಾರುಹುಣ್ಣು. ಈಗಿನವರಿಗೆ ಇದು ಗೊತ್ತಿಲ್ಲ, ಗೊತ್ತಿಲ್ಲದಿರುವುದೇ ಪುಣ್ಯ. ಮೊದಲು ಪಾದದ ಹತ್ತಿರ ಒಂದು ಬೊಬ್ಬೆ ಏಳುತ್ತದೆ, ಬೆಂಕಿ ಇಟ್ಟಂತೆ ಉರಿಯುತ್ತದೆ. ಒಡೆದ ಮೇಲೆ ಒಳಗಿನಿಂದ ಬಿಳಿ ದಾರದಂಥ ಹುಳು ಇಣುಕುತ್ತದೆ. ಅದನ್ನು ಎಳೆಯುವಂತಿಲ್ಲ, ತುಂಡಾದರೆ ಕಾಲು ಬಾತು ಜೀವಕ್ಕೇ ಬರುತ್ತದೆ. ಒಂದು ಕಡ್ಡಿಗೆ ಸುತ್ತಿ, ದಿನಕ್ಕೆ ಎಷ್ಟು ಬರುತ್ತದೋ ಅಷ್ಟನ್ನೇ ಸುತ್ತುತ್ತ, ಉಮ್ಮತ್ತಿ ಎಲೆ ಕಟ್ಟಿ ಕಾಯಬೇಕು. ನಮ್ಮ ಮನೆಯಲ್ಲಿ ಆ ಸುತ್ತುವ ಕೆಲಸ ಅತ್ತೆಯದು. ಉಸಿರು ಬಿಗಿಹಿಡಿದು, ನಡುಮನೆಯ ಬಾಗಿಲು ಹಾಕಿಕೊಂಡು ಸುತ್ತುತ್ತಿದ್ದರು. ಮಗ ಹಲ್ಲು ಕಚ್ಚಿಕೊಂಡು ಗೋಡೆ ನೋಡುತ್ತಿದ್ದರು. ಮದುವೆಯಾದ ಮೊದಲ ಬೇಸಿಗೆಯಲ್ಲೇ ನಾನು ಇದನ್ನು ನೋಡಿದೆ. ಉಷ್ಣಕ್ಕೆ ಬರುತ್ತೆ ಎಂದು ಕೆಲವರು, ದೇವರ ಸಿಟ್ಟು ಎಂದು ಕೆಲವರು. ಮನುಷ್ಯನ ಕಾಲಿನ ಮೇಲೆ ವರ್ಷ ವರ್ಷ ಸಿಟ್ಟು ತೀರಿಸಿಕೊಳ್ಳುವಷ್ಟು ಕೆಲಸವಿಲ್ಲದ ದೇವರು ಯಾರಪ್ಪಾ ಎಂದು ನನಗೆ ಅನ್ನಿಸುತ್ತಿತ್ತು.

ಆ ಸಲ ಸಾಹುಕಾರರು ತಾವೇ ನೋಡಲು ಬಂದರು. ಕೆಟ್ಟ ಮನುಷ್ಯರಲ್ಲ. ಎಳನೀರು ತಂದಿದ್ದರು. ಕೂತು, ಕಾಲು ನೋಡಿ, ಲೊಚಗುಟ್ಟಿ, ಎದ್ದು ಹೋಗುವಾಗ ಹೊಸ್ತಿಲಲ್ಲಿ ನಿಂತು ಅತ್ತೆಗೆ ಹೇಳಿದರು. ಗೂಡು ಕಾಯೋದಿಲ್ಲ, ಚಿಟ್ಟೆ ತೂತು ಮಾಡಿಕೊಂಡು ಹಾರಿಹೋಗುತ್ತೆ, ಮುಂದಿನ ಬೇಸಿಗೆಯಲ್ಲೂ ಹೀಗೇ ಮಲಗಿದರೆ ನಾನು ಬೇರೆ ಕಾಲು ನೋಡಿಕೊಳ್ಳಬೇಕಾಗುತ್ತದೆ, ತಪ್ಪು ತಿಳಿಯಬೇಡಿ ಎಂದು. ನಮಗೆ ಹೊಲವಿಲ್ಲ, ಮನೆಯಲ್ಲಿ ಬೇರೆ ದುಡಿಯುವವರಿಲ್ಲ. ನಾನು ಆಗ ಬಸುರಿ. ಅತ್ತೆ ಅವತ್ತು ಊಟ ಮಾಡಲಿಲ್ಲ.

ಅದೇ ಬೇಸಿಗೆಯಲ್ಲಿ ಮುನಿಸಿಪಾಲಿಟಿಯವರು ನಮ್ಮ ಬೀದಿಯ ನಡುವೆ ಒಂದು ಸೇದುವ ಬಾವಿ ತೋಡಿಸಿದರು. ಎದೆಯೆತ್ತರ ಕಟ್ಟೆ, ಮೇಲೆ ರಾಟೆ, ಸುತ್ತ ಗಾರೆ. ಯಾರೂ ಒಳಗೆ ಇಳಿಯುವಂತಿಲ್ಲ, ಕಾಲಿಡುವಂತಿಲ್ಲ. ಪೂಜೆಯಾಯಿತು, ತೆಂಗಿನಕಾಯಿ ಒಡೆದರು, ಚರ್ಪು ಹಂಚಿದರು. ಎಲ್ಲರೂ ಹೋದ ಮೇಲೆ ಬೀದಿಯ ಹೆಂಗಸರು ತಮ್ಮ ಪರೀಕ್ಷೆಗೆ ಕೂತರು.

ನಮ್ಮ ಕಡೆ ನೀರಿನ ಪರೀಕ್ಷೆ ಅಂದರೆ ಒಂದೇ, ಬೇಳೆ ಬೇಯಬೇಕು. ಹೆಣ್ಣು ಕೊಡುವ ಊರಿನಲ್ಲೂ ಮೊದಲು ಅದನ್ನೇ ಕೇಳುತ್ತಾರೆ, ನಿಮ್ಮೂರ ನೀರಲ್ಲಿ ಬೇಳೆ ಬೇಯುತ್ತಾ ಎಂದು. ಬಾವಿಕಟ್ಟೆಯ ಪಕ್ಕದಲ್ಲೇ ಕಲ್ಲು ಹೂಡಿ ಎರಡು ಒಲೆ ಹಚ್ಚಿದರು. ಒಂದು ಗಡಿಗೆಗೆ ಹೊಸ ಬಾವಿಯ ನೀರು, ಇನ್ನೊಂದಕ್ಕೆ ಮೆಟ್ಟಿಲ ಬಾವಿಯದು. ಎರಡಕ್ಕೂ ಒಂದೇ ಮೊರದ ತೊಗರಿಬೇಳೆ. ತೀರ್ಪು ಹೇಳುವವರು ಅತ್ತೆ. ಮೆಟ್ಟಿಲ ಬಾವಿಯ ಬೇಳೆ ಬೇಗನೆ ಬೆಣ್ಣೆಯಂತೆ ಕರಗಿತು. ಹೊಸ ಬಾವಿಯದು ಕುದಿಯಿತು, ಉಕ್ಕಿತು, ಸೌದೆ ಮುಗಿಯಿತು, ಬೇಳೆ ಮಾತ್ರ ಸೊಟ್ಟ ಮುಖ ಮಾಡಿಕೊಂಡು ಹಾಗೇ ಇತ್ತು. ಅತ್ತೆ ಒಂದು ಕಾಳನ್ನು ಬೆರಳ ನಡುವೆ ಹಿಸುಕಿ ನೋಡಿದರು. ಆಮೇಲೆ ಬಾವಿಯ ನೀರು ಬಾಯಿಗೆ ಹಾಕಿಕೊಂಡು, ಸವಳು, ಎಂದು ಉಗುಳಿದರು. ಬೇಳೆಯನ್ನು ಬೇಯಿಸಲಾರದ ನೀರು ಹೊಟ್ಟೆಯಲ್ಲಿ ಅನ್ನವನ್ನು ಏನು ಬೇಯಿಸುತ್ತೆ ಎಂದು ಕೇಳಿದರು. ಮುಗಿಯಿತು. ಅಷ್ಟು ದೊಡ್ಡ ಬಾವಿ ಪಾತ್ರೆ ತೊಳೆಯುವುದಕ್ಕೆ, ಎಮ್ಮೆ ಮೈ ತೊಳೆಯುವುದಕ್ಕೆ ಅಂತಾಯಿತು.

ಆ ನೀರನ್ನು ಕುಡಿಯಲು ಒಯ್ದವರು ಎದುರುಮನೆಯ ಬೀಬಿ ಒಬ್ಬರೇ. ಅವರ ಮನೆಯವರು ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಮೆಟ್ಟಿಲ ಬಾವಿಗೆ ಅವರು ಇಳಿಯುವ ವಾಡಿಕೆ ಇರಲಿಲ್ಲವಾದ್ದರಿಂದ ಮಸೀದಿಯ ಬಾವಿಯಿಂದ ಸೇದಿ, ಅಷ್ಟು ದೂರದಿಂದ ಹೊತ್ತು ತರುತ್ತಿದ್ದರು. ಹೊಸ ಬಾವಿ ಅವರ ಬಾಗಿಲಿಗೇ ಬಂದಂತಾಗಿತ್ತು. ನಿಮ್ಮ ಬೇಳೆ ಬೇಯಲಿಲ್ಲ, ನನ್ನ ಸೊಂಟ ಉಳೀತು ಎಂದು ನಗುತ್ತಿದ್ದರು.

ಸ್ವಲ್ಪ ದಿನಕ್ಕೆ ಹೆಲ್ತ್ ಇನ್ಸ್‌ಪೆಕ್ಟರು ಬಂದರು. ತೆಳ್ಳನೆಯ ಮನುಷ್ಯ, ಬಿಸಿಲಿಗೆ ಕೆಂಪಾಗಿದ್ದರು. ಮೆಟ್ಟಿಲ ಬಾವಿಯ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು, ಭೂತಗನ್ನಡಿ ಕೊಟ್ಟು, ನೋಡಿ ಅಂದರು. ನೀರೊಳಗೆ ಎಳ್ಳಿಗಿಂತ ಸಣ್ಣ ಜೀವಗಳು ಪಟಪಟ ಕುಪ್ಪಳಿಸುತ್ತಿದ್ದವು. ಹುಣ್ಣಿರುವವರು ನೀರಿಗಿಳಿದಾಗ ಹುಳು ಮರಿ ಬಿಡುತ್ತದೆ, ಮರಿಯನ್ನು ಈ ಚಿಗಟದಂಥವು ನುಂಗುತ್ತವೆ, ಅದನ್ನು ನಾವು ಕುಡಿಯುತ್ತೇವೆ, ಈ ಬೇಸಿಗೆ ಕುಡಿದದ್ದು ಮುಂದಿನ ಬೇಸಿಗೆಗೆ ಕಾಲಲ್ಲಿ ಹೊರಡುತ್ತದೆ ಎಂದು ವಿವರಿಸಿದರು. ಸೇದುವ ಬಾವಿಯ ನೀರು ಕುಡಿಯಿರಿ, ಇಲ್ಲವೇ ಇದನ್ನೇ ಕುದಿಸಿ ಕುಡಿಯಿರಿ, ಕುದಿಸಿದರೆ ಇವು ಸಾಯುತ್ತವೆ ಎಂದರು. ಅತ್ತೆ ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. ಆಮೇಲೆ, ಜೀವ ಇರೋ ನೀರಲ್ಲಿ ತಾನೇ ಜೀವ ಓಡಾಡೋದು, ನಿಮ್ಮ ಬಾವೀಲಿ ಒಂದು ಕಪ್ಪೆಯಾದ್ರೂ ಐತಾ ಎಂದು ಕೇಳಿದರು. ಹೆಂಗಸರೆಲ್ಲ ನಕ್ಕರು. ಪಾಪ, ಇನ್ಸ್‌ಪೆಕ್ಟರು ಭೂತಗನ್ನಡಿ ಒರೆಸಿಕೊಂಡು ಹೊರಟುಹೋದರು.

ನಾನು ನಗಲಿಲ್ಲ. ಮುಂದಿನ ಬೇಸಿಗೆ ಎಂದ ಮಾತು ನನ್ನ ಎದೆಯೊಳಗೆ ಕೂತುಬಿಟ್ಟಿತ್ತು. ಸಾಹುಕಾರರೂ ಅದನ್ನೇ ಹೇಳಿದ್ದರು. ಮನೆಗೆ ಬಂದು, ನಾಳೆಯಿಂದ ಹೊಸ ಬಾವಿಯ ನೀರು ತರುತ್ತೇನೆ ಎಂದೆ. ಅತ್ತೆ, ನನ್ನ ಒಲೆ ಮೇಲೆ ಸವಳು ನೀರು ಇಡಲ್ಲ ಎಂದರು. ಕುದಿಸಿ ಕುಡಿಯೋಣ ಎಂದರೆ ಸೌದೆ ಎಲ್ಲಿಂದ ಬರುತ್ತೆ ಎಂದರು. ಮಾತಿಗೆ ಮಾತು ಬೆಳೆಯಿತು. ನನಗೆ ಸಿಟ್ಟು ಬಂದರೆ ಬಾಯಲ್ಲಿ ತೆಲುಗು ಬರುತ್ತಿತ್ತು, ಅದು ಅತ್ತೆಗೂ ಚೆನ್ನಾಗಿ ಅರ್ಥವಾಗುತ್ತಿತ್ತು, ಅದೇ ತೊಂದರೆ. ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು. ಅದನ್ನು ನೋಡುತ್ತಿದ್ದಂತೆ ನನಗೆ ಹೊಳೆಯಿತು. ಬೇಳೆಗೆ ಹಾಕಿದ ನೀರು ಹೇಗಿದ್ದರೂ ಕುದಿಯುತ್ತದೆ. ಅದರಲ್ಲಿರುವುದೆಲ್ಲ ಅಲ್ಲೇ ಸಾಯುತ್ತದೆ. ಬೇಳೆಗೆ ಮೆಟ್ಟಿಲ ಬಾವಿ, ಬಾಯಿಗೆ ಸೇದುವ ಬಾವಿ. ಇಷ್ಟು ಸುಲಭದ ಮಾತಿಗೆ ನಾವು ಬೆಳಗಿನಿಂದ ಗಂಟಲು ಹರಿದುಕೊಂಡಿದ್ದೆವು.

ಅತ್ತೆಗೆ ಇದು ಇನ್ನೂ ಕೆಟ್ಟದಾಗಿ ಕಂಡಿತು. "ಒಂದು ಮನೆಗೆ ಎರಡು ನೀರಾ? ನಾಳೆ ಎರಡು ಒಲೆ ಅಂತೀಯ. ಬೇರೆ ಹೋಗೋ ದಾರಿ ಕಣೇ ಇದು" ಎಂದರು.

ಒಳಗೆ ಮಲಗಿದ್ದ ಮಗ, ಕಡ್ಡಿ ಕಟ್ಟಿದ ಕಾಲಿನೊಡನೆ, ಅಲ್ಲಿಂದಲೇ ಹೇಳಿದರು. "ಅಮ್ಮಾ, ಎರಡು ಕಾಲಿದ್ರೆ ತಾನೇ ಒಂದು ಮನೆ ನಡೆಯೋದು. ಅವಳು ಹೇಳ್ದಂಗೆ ಮಾಡು."

ಮಾರನೆಯ ದಿನ ನಾನು ಹೊಸ ಬಾವಿಗೆ ಹೋದೆ. ಹಗ್ಗ ಬೇಕೆಂಬುದೇ ನನಗೆ ನೆನಪಿರಲಿಲ್ಲ. ಬೀಬಿ ತಮ್ಮ ಹಗ್ಗ ಕೊಟ್ಟರು. ನನ್ನ ಹೊಟ್ಟೆ ನೋಡಿ, ತಾವೇ ಸೇದಿ ಕೊಡ ತುಂಬಿಸಿದರು. ಅತ್ತೆ ಜಗಲಿಯಿಂದ ಇದನ್ನೆಲ್ಲ ನೋಡಿದರು. ಸಂಜೆ ಪೇಟೆಗೆ ಹೋಗಿ ಒಂದು ಹೊಸ ಹಗ್ಗ ತಂದು ನನ್ನ ಮುಂದೆ ಎಸೆದರು. ಅದನ್ನು ಒಪ್ಪಿಗೆ ಎಂದುಕೊಳ್ಳಬೇಕೋ ಬೈಗುಳ ಎಂದುಕೊಳ್ಳಬೇಕೋ ತಿಳಿಯಲಿಲ್ಲ, ಒಪ್ಪಿಗೆ ಎಂದೇ ತೆಗೆದುಕೊಂಡೆ. ಅಡಿಗೆಮನೆಯಲ್ಲಿ ಬೇಳೆಯ ನೀರಿನ ಗಡಿಗೆ, ನಡುಮನೆಯಲ್ಲಿ ಕುಡಿಯುವ ನೀರಿನ ಹಂಡೆ. ಅತ್ತೆ ತಾವು ಮಾತ್ರ ಹಂಡೆಯನ್ನು ಮುಟ್ಟಲಿಲ್ಲ. ನನ್ನ ಕಾಲು ಎಲ್ಲಿಗೆ ಹೋಗಬೇಕು, ನನಗೆ ಹಳೇ ನೀರೇ ಇರಲಿ ಎಂದು ಗಡಿಗೆಯಿಂದಲೇ ಬಗ್ಗಿಸಿ ಕುಡಿಯುತ್ತಿದ್ದರು. ಆ ವಯಸ್ಸಿನ ನಾಲಿಗೆಯ ಜೊತೆ ಯಾರು ಜಗಳವಾಡುತ್ತಾರೆ.

ಯಜಮಾನರ ಕಾಲು ವಾಸಿಯಾಯಿತು, ಮತ್ತೆ ಹಳ್ಳಿಗಳ ಕಡೆ ನಡೆಯತೊಡಗಿದರು. ಅವರ ಮನೆಯಲ್ಲಿ ಒಂದು ಪದ್ಧತಿ. ದೂರ ನಡೆಯುವ ಗಂಡಸಿಗೆ ಹೊರಡುವಾಗ ತಾಯಿ ಹೊಸ್ತಿಲಲ್ಲಿ ನಿಂತು ಚೆಂಬಿನ ತುಂಬ ನೀರು ಕೊಡಬೇಕು, ಅವನು ಅದನ್ನು ಕುಡಿದು, ತಿರುಗಿ ನೋಡದೆ ಹೋಗಬೇಕು. ಒಂದು ಬೆಳಗ್ಗೆ ಅವರು ಹೊರಟ ಮೇಲೆ ಚೆಂಬಿನಲ್ಲಿ ಒಂದು ಗುಟುಕು ಉಳಿದಿತ್ತು. ಬಾಯಾರಿತ್ತು, ಎತ್ತಿ ಕುಡಿದೆ. ಸಿಹಿಯಾಗಿತ್ತು.

ನನ್ನ ತಲೆ ಕಾಯಿತು. ಅಡಿಗೆಮನೆಗೆ ನುಗ್ಗಿ, ಬೇಳೆಯ ಗಡಿಗೆ ಎತ್ತಿಕೊಂಡು ಬಂದು, ಅಷ್ಟನ್ನೂ ಅಂಗಳಕ್ಕೆ ಸುರಿದುಬಿಟ್ಟೆ. ಅತ್ತೆ ಓಡಿಬಂದರು. ಇಷ್ಟು ದಿನವೂ ಇದೇ ನೀರಾ ಎಂದು ಕೇಳಿದೆ. ಅವರು ಸುಳ್ಳು ಹೇಳಲಿಲ್ಲ.

"ಬಿಸಿಲಲ್ಲಿ ಹೋಗೋ ಮಗನಿಗೆ ಸವಳು ನೀರು ಕೊಟ್ಟು ಕಳಿಸೋಕೆ ಕೈ ಬರ್ಲಿಲ್ಲ ಕಣೇ. ಒಂದೇ ಚೆಂಬು. ಮಿಕ್ಕಿದ್ದೆಲ್ಲ ನೀನು ಕೊಡೋದೇ ಕುಡೀತಾನಲ್ಲ."

"ಹಾಗಾದ್ರೆ ಮುಂದಿನ ವರ್ಷ ಅದೇ ಕೈಯಲ್ಲಿ ನಾರು ಸುತ್ತಿ, ಅತ್ತೆ" ಎಂದೆ.

ಆ ಮಾತು ಅವರಿಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಒದ್ದೆ ಅಂಗಳದ ಅಂಚಿನಲ್ಲಿ ಹಾಗೇ ಕೂತುಬಿಟ್ಟರು. ನನಗೆ ಮರುಕ ಬಂತು, ಆದರೂ ಎಬ್ಬಿಸಲಿಲ್ಲ. ಮಾರನೆಯ ದಿನದಿಂದ ಚೆಂಬನ್ನು ನಡುಮನೆಯ ಹಂಡೆಯಿಂದಲೇ ತುಂಬಿಸತೊಡಗಿದರು. ತುಂಬಿಸುವಾಗ ನಾನು ನೋಡಲಿ ಎಂದು ನನ್ನ ಹೆಸರು ಹಿಡಿದು ಕರೆಯುತ್ತಿದ್ದರು.

ಕುಡಿದದ್ದನ್ನು ಹಿಂದಕ್ಕೆ ತೆಗೆಯುವ ವಿದ್ಯೆ ಇಲ್ಲ. ಒಳಗೆ ಏನು ಹೋಗಿದೆ ಎಂಬುದು ಬೇಸಿಗೆ ಬಂದಾಗಲೇ ತಿಳಿಯಬೇಕು. ಆ ವರ್ಷವೆಲ್ಲ ನಾವಿಬ್ಬರೂ ಒಂದೇ ಭಯವನ್ನು ಒಬ್ಬರಿಗೊಬ್ಬರು ಹೇಳದೆ ಹೊತ್ತುಕೊಂಡು ತಿರುಗಿದೆವು. ಮಗಳು ಹುಟ್ಟಿದಳು. ಅತ್ತೆಯೇ ಎರೆದರು, ಅತ್ತೆಯೇ ತೂಗಿದರು. ಸಂಜೆ ಮಗ ಬಂದು ಕೂತರೆ ಮೊಮ್ಮಗಳನ್ನು ನನ್ನ ಕೈಗೆ ಕೊಟ್ಟು, ಹರಳೆಣ್ಣೆ ತಂದು ಅವರ ಪಾದ ತಿಕ್ಕುತ್ತಿದ್ದರು. ದಣಿವಿಗೆ ಒಳ್ಳೆಯದು ಎನ್ನುತ್ತಿದ್ದರು. ದಣಿವಿನ ನೆಪ ಅದು. ಹಿಮ್ಮಡಿ, ಮೀನಖಂಡ, ಬೆರಳ ಸಂದು, ಎಲ್ಲ ಕಡೆ ಅವರ ಹೆಬ್ಬೆರಳು ಏನೋ ಹುಡುಕುತ್ತಿರುವುದು ನನಗೆ ಕಾಣುತ್ತಿತ್ತು. ನಾನೂ ಮಗುವಿನ ತಲೆಯ ಮೇಲಿನಿಂದ ಅದನ್ನೇ ನೋಡುತ್ತಿದ್ದೆ.

ಯುಗಾದಿ ಬಂತು. ಬೇವುಬೆಲ್ಲ ತಿಂದ ಕೆಲವೇ ದಿನಕ್ಕೆ ಯಜಮಾನರು ಕುಂಟುತ್ತ ಬಂದರು. ಹಿಮ್ಮಡಿ ಕೆಂಪಗೆ ಊದಿತ್ತು. ಅತ್ತೆ ದೀಪ ಹಚ್ಚುತ್ತಿದ್ದವರು ಹಾಗೇ ನಿಂತರು. ನನ್ನ ನಾಲಿಗೆಯ ತುದಿಗೆ ನಾರು ಸುತ್ತಿ ಎಂಬ ಹಳೆಯ ಮಾತು ಬಂದಿತ್ತು, ಅವರ ಮುಖ ನೋಡಿ ನುಂಗಿಕೊಂಡೆ. ಬಿಸಿನೀರು ತಂದು, ಸೂಜಿ ತಂದು, ನಾನೇ ಬಿಡಿಸಿ ನೋಡಿದೆ. ಒಳಗಿನಿಂದ ಒಂದು ಜಾಲಿಮುಳ್ಳು ಬಂತು. ಬರಿಯ ಮುಳ್ಳು. ಅತ್ತೆ ಅದನ್ನು ನನ್ನ ಅಂಗೈಯಿಂದ ತೆಗೆದುಕೊಂಡು ದೀಪಕ್ಕೆ ಹಿಡಿದು ನೋಡಿ, ದೇವರ ಗೂಡಿನಲ್ಲಿ ಇಟ್ಟರು. ಮುಳ್ಳಿಗೆ ಕುಂಕುಮ ಇಟ್ಟ ಮನೆ ನಮ್ಮದೊಂದೇ ಇರಬೇಕು.

ಬಿಸಿಲು ಏರಿತು, ಮಾವಿನಕಾಯಿ ಉಪ್ಪಿನಕಾಯಿಗೆ ಬಿತ್ತು, ಮೊದಲ ಮಳೆ ಬಂತು. ಮೆಟ್ಟಿಲ ಬಾವಿಗೆ ಹೋಗುವ ಮನೆಗಳಲ್ಲಿ ಒಬ್ಬರಾದ ಮೇಲೆ ಒಬ್ಬರು ಮಲಗಿದರು. ನಮ್ಮವರು ನಡೆಯುತ್ತಲೇ ಇದ್ದರು. ಸಾಹುಕಾರರು ಒಂದು ದಿನ ದಾರಿಯಲ್ಲಿ ಸಿಕ್ಕಿ, ಈ ಸಲ ನಿಮ್ಮ ಹುಡುಗ ಕುದುರೆಯಾಗಿದ್ದಾನೆ ಎಂದು ಅತ್ತೆಗೆ ಹೇಳಿದರಂತೆ. ನನಗೆ ಅವತ್ತು ಕುಣಿಯಬೇಕೆನ್ನಿಸಿತು. ಸೊಂಟದ ಮೇಲೆ ಮಗು ಇತ್ತು, ಕುಣಿಯಲಿಲ್ಲ, ಪಾಯಸ ಮಾಡಿದೆ.

ಆಮೇಲೆ ಅತ್ತೆ ಕುಂಟತೊಡಗಿದರು. ಮೊದಲು ಮೊಣಕಾಲು ನೋವು ಎಂದರು. ಸೀರೆಯ ಅಂಚನ್ನು ನೆಲಕ್ಕೆ ಬಿಟ್ಟುಕೊಂಡು ನಡೆಯುತ್ತಿದ್ದರು. ಒಂದು ಬೆಳಗ್ಗೆ ಹೊಸ್ತಿಲು ಸಾರಿಸುವಾಗ ನನಗೆ ಕಂಡಿತು, ಬಲಗಾಲಿನ ಹರಡಿನ ಕೆಳಗೆ ಒಡೆದ ಬೊಬ್ಬೆ. ನಾನು ಏನೂ ಹೇಳುವ ಮೊದಲೇ ಅವರೇ ಮಾತು ಶುರುಮಾಡಿದರು. ಅವನಿಗೆ ಬರಲಿಲ್ಲ ತಾನೇ, ಬಿಡು ಎಂದರು. ಅವನಿಗೆ ಬರಬೇಕಾದದ್ದನ್ನು ತಾವು ತೆಗೆದುಕೊಂಡೆವೆಂಬ ಸಂತೋಷ ಆ ಮುಖದಲ್ಲಿತ್ತು. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಯಾರದನ್ನೂ ಯಾರೂ ತೆಗೆದುಕೊಂಡಿಲ್ಲ ಅತ್ತೆ, ನೀವು ಗಡಿಗೆಯ ನೀರು ಕುಡಿದಿರಿ, ಅವರು ಹಂಡೆಯದು ಕುಡಿದರು, ಅಷ್ಟೇ ಎಂದು ಬಿಡಿಸಿ ಹೇಳಿದೆ. ಅವರು ತಮ್ಮ ಕಾಲನ್ನೂ, ಮೂಲೆಯಲ್ಲಿದ್ದ ಮಗನ ಚಪ್ಪಲಿಯನ್ನೂ ನೋಡುತ್ತ ಕೂತರು. ಆಮೇಲೆ ಹೂಂ ಎಂದು ತಲೆಯಾಡಿಸಿದರು.

ಕಡ್ಡಿ, ಬಟ್ಟೆ, ಉಮ್ಮತ್ತಿ ಎಲೆ ಎಲ್ಲ ತಂದು, ಪದ್ಧತಿಯಂತೆ ನಡುಮನೆಯಲ್ಲಿ ಚಾಪೆ ಹಾಸಿ ಬಾಗಿಲು ಮುಂದಕ್ಕೆ ಮಾಡಿದೆ. ಅತ್ತೆ ಒಳಗೆ ಬರಲಿಲ್ಲ.

"ಒಳಗೆ ಬೇಡ. ಜಗಲಿ ಮೇಲೆ ಸುತ್ತು. ಎಲ್ಲಾರೂ ನೋಡ್ಲಿ."

ಅದು ಹೆಂಗಸರು ನೀರಿಗೆ ಹೋಗುವ ಹೊತ್ತು. ನಾಚಿಕೆಯಾಗಲ್ವಾ ಎಂದು ಕೇಳಿದೆ. ಒಲೆ ಹೂಡಿ ಬೀದಿಗೆಲ್ಲ ತೀರ್ಪು ಹೇಳಿದ್ದು ಬೀದಿಯಲ್ಲೇ ತಾನೇ ಎಂದರು. ಜಗಲಿಯ ಅಂಚಿಗೆ ಕಾಲು ನೀಡಿಕೊಂಡು, ಸೀರೆ ಸರಿಸಿ ಕೂತರು. ನಾನು ಉಸಿರು ಬಿಗಿಹಿಡಿದು ಸುತ್ತಿದೆ. ಕೊಡ ಹೊತ್ತ ಹೆಂಗಸರು ಒಬ್ಬೊಬ್ಬರಾಗಿ ನಿಂತರು. ಬೇಳೆಯ ಪರೀಕ್ಷೆಯ ದಿನ ಅತ್ತೆಯ ಪಕ್ಕದಲ್ಲೇ ನಿಂತು ಹೂಂಗುಟ್ಟಿದ್ದ ಮೂಲೆಮನೆಯ ಮುದುಕಿ ಬಗ್ಗಿ ನೋಡಿ, ಅಯ್ಯೋ ನಿನಗೂ ಬಂತೇ ಎಂದಳು. ಅವಳ ಮನೆಯಲ್ಲಿ ಆಗ ಇಬ್ಬರು ಗಂಡುಮಕ್ಕಳು ಮಲಗಿದ್ದರು.

"ಬಂತು. ನನ್ನ ಮಗನಿಗೆ ಬರ್ಲಿಲ್ಲ, ನೋಡಿದ್ಯಲ್ಲ. ಅವನು ಕುಡಿದಿದ್ದು ಸೇದೋ ಬಾವೀದು, ನಾನು ಕುಡಿದಿದ್ದು ಮೆಟ್ಲು ಬಾವೀದು. ಬೇಳೆಗೆ ಹಾಕ್ಕೋ, ಬಾಯಿಗೆ ಹಾಕ್ಕೋಬೇಡ. ಈ ಕಾಲಿಟ್ಕೊಂಡು ನಾನಂತೂ ಆ ನೀರಿಗೆ ಇಳಿಯಲ್ಲ."

ಮುದುಕಿ ಕೊಡ ಸರಿಮಾಡಿಕೊಂಡು ಮುಂದೆ ನಡೆದಳು. ಅತ್ತೆ ಮಾತ್ರ ಬಿಡಲಿಲ್ಲ. ಹುಳು ಪೂರ್ತಿ ಹೊರಬರುವವರೆಗೂ ದಿನಾ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಕಾಲು ನೀಡಿ ಕೂರುತ್ತಿದ್ದರು. ಭೂತಗನ್ನಡಿಗೆ ನಕ್ಕ ಹೆಂಗಸರು ಆ ಕಾಲಿಗೆ ನಗಲಿಲ್ಲ.

ಒಂದು ಬೆಳಗ್ಗೆ ನಾನು ಸೇದುವ ಬಾವಿಗೆ ಹೋದರೆ ಕೊಡ ಇಡಲು ಜಾಗವಿಲ್ಲ. ಬೀಬಿಯ ಹಿಂದೆ ಮೂಲೆಮನೆಯ ಮುದುಕಿ, ಅವಳ ಹಿಂದೆ ಅವಳ ಸೊಸೆಯಂದಿರು, ಅವರ ಹಿಂದೆ ಇನ್ನೂ ಯಾರ್‍ಯಾರೋ. ಹಗ್ಗಕ್ಕೆ ಜಗಳ ಬೇರೆ. ಸಾಲಿನಲ್ಲಿ ನಿಲ್ಲುವುದೆಂದರೆ ನನಗೆ ಮೈಯೆಲ್ಲ ಉರಿಯುತ್ತದೆ, ಈಗಲೂ ಹಾಗೇ. ಅವತ್ತು ಮಾತ್ರ ಕೊಡವನ್ನು ಸೊಂಟದಲ್ಲಿಟ್ಟುಕೊಂಡು, ಬಿಸಿಲೇರುವವರೆಗೆ ನಗುನಗುತ್ತ ನಿಂತೆ.

ಮನೆಗೆ ಬಂದಾಗ ಮಗು ಅಳುತ್ತಿತ್ತು, ಒಲೆ ಆರಿತ್ತು. ಅತ್ತೆ ಜಗಲಿಯಿಂದಲೇ ಗದರಿದರು. ಇಷ್ಟು ಹೊತ್ತು ಏನು ಮಾಡ್ತಿದ್ದೆ ಎಂದು ಕೇಳಿದರು.

"ಬಾವಿ ಹತ್ರ ಜನ ಅತ್ತೆ. ಇಡೀ ಬೀದಿ ಅಲ್ಲೇ ಐತೆ."

ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮಗುವನ್ನು ತೊಡೆಯ ಮೇಲೆ ಸರಿಯಾಗಿ ಎಳೆದುಕೊಂಡು, ನನ್ನ ಕೊಡದ ಕಡೆ ಕೈಚಾಚಿ, ಒಂದು ಲೋಟ ಕೊಡು ಎಂದರು. ಬಗ್ಗಿಸಿ ಕೊಟ್ಟೆ. ಮುಖ ಕಿವುಚಿಕೊಂಡು, ಒಂದು ಹನಿಯೂ ಬಿಡದೆ ಕುಡಿದರು.